ಅರಿಶಿನ ಕೆಂಪಾಗುವುದೇಕೆ? ಅಡುಗೆಮನೆಯ ಪದಾರ್ಥಗಳಿಂದ ಮಕ್ಕಳು ಮಾಡಬಹುದಾದ ವಿಜ್ಞಾನ ಪ್ರಯೋಗಗಳು

ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗಳಿಗೆ ರಜೆ ಬಂದೊಡನೆ, ಮೊಬೈಲಿನಲ್ಲಿ ನೋಡಿದ ‘ಜ್ವಾಲಾಮುಖಿ’ಯನ್ನು ತಾವೂ ಮಾಡಬೇಕೆಂದು ಮಕ್ಕಳು ಅಡುಗೆಮನೆಗೆ ಬಂದು ಸೋಡಾ, ನಿಂಬೆಹಣ್ಣು ಕೇಳುವುದು ಈಗ ಅನೇಕ ಮನೆಗಳಲ್ಲಿ ಸಾಮಾನ್ಯವಾಗಿದೆ. ಕೇಳಿದ್ದನ್ನು ಕೊಡುವುದು ಸುಲಭ. ನೊರೆ ಉಕ್ಕಿ ಇಳಿದ ಮೇಲೆ ಮಗು ಕೇಳುವ “ಯಾಕೆ ಹೀಗಾಯಿತು?” ಎಂಬ ಪ್ರಶ್ನೆಗೆ ಉತ್ತರಿಸುವುದು ಅಷ್ಟು ಸುಲಭವಲ್ಲ, ಏಕೆಂದರೆ ರಸಾಯನಶಾಸ್ತ್ರವನ್ನು ಶಾಲೆಯಲ್ಲಿ ಓದಿದ್ದ ತಂದೆತಾಯಿಯರಿಗೂ ಅದು ಮರೆತುಹೋಗಿರುತ್ತದೆ. ಅರಿಶಿನ, ಅಡುಗೆ ಸೋಡಾ, ಹಾಲು, ಉಪ್ಪು, ಕಾಳುಮೆಣಸುಗಳಿಂದ ಮಾಡಬಹುದಾದ ಕೆಲವು ಪ್ರಯೋಗಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ಮೊದಲಿನಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಪ್ರಯೋಗಕ್ಕೂ ಪ್ರದರ್ಶನಕ್ಕೂ ಇರುವ ವ್ಯತ್ಯಾಸ

ಸೋಡಾದ ಮೇಲೆ ನಿಂಬೆರಸ ಸುರಿದು ನೊರೆ ನೋಡುವುದು ಪ್ರದರ್ಶನ. ರಸವನ್ನು ಇಮ್ಮಡಿ ಮಾಡಿದರೆ ನೊರೆಯೂ ಇಮ್ಮಡಿಯಾಗುತ್ತದೆಯೇ ಎಂದು ಮೊದಲೇ ಊಹಿಸಿ, ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು, ರಸದ ಪ್ರಮಾಣವನ್ನು ಮಾತ್ರ ಬದಲಿಸಿ ನೋಡುವುದು ಪ್ರಯೋಗ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು ಎಂಬ ನಿಯಮಕ್ಕೆ ಸರಳ ಕಾರಣವಿದೆ: ಎರಡನ್ನು ಒಟ್ಟಿಗೆ ಬದಲಿಸಿದರೆ, ಕಂಡ ಪರಿಣಾಮ ಯಾವುದರಿಂದ ಬಂತೆಂದು ಹೇಳಲು ಸಾಧ್ಯವಾಗುವುದಿಲ್ಲ. ಏನನ್ನೂ ಬದಲಿಸದೆ ಪಕ್ಕದಲ್ಲಿ ಇಟ್ಟುಕೊಳ್ಳುವ ಇನ್ನೊಂದು ಲೋಟವನ್ನು ಹೋಲಿಕೆಯ ಲೋಟ ಎನ್ನಬಹುದು. ಅದಿಲ್ಲದೆ ಬದಲಾವಣೆಯನ್ನು ಅಳೆಯಲಾಗದು.

ಇದಕ್ಕೆ ಬೇಕಾದ ಸಲಕರಣೆ ಬಹಳ ಕಡಿಮೆ. ಕೆಮ್ಮಿನ ಔಷಧಿಯ ಬಾಟಲಿಯೊಂದಿಗೆ ಬರುವ, ಮಿಲಿಲೀಟರ್ ಗುರುತುಗಳಿರುವ ಮುಚ್ಚಳ ಅಳತೆಯ ಪಾತ್ರೆಯಾಗುತ್ತದೆ. ಮಕ್ಕಳ ಔಷಧಿಯ ಡ್ರಾಪರ್ ಹನಿ ಎಣಿಸಲು ಸಾಕು. ಇವುಗಳ ಜೊತೆಗೆ ಒಂದು ನೋಟ್‌ಬುಕ್ ಇರಬೇಕು, ಮತ್ತು ಪ್ರಯೋಗಕ್ಕೆ ಮೊದಲು ಮಗು ತನ್ನ ಊಹೆಯನ್ನು ಅದರಲ್ಲಿ ಬರೆಯಬೇಕು. ಬರೆಯದ ಊಹೆ, ಫಲಿತಾಂಶ ಕಂಡ ಮೇಲೆ ತಾನಾಗಿ ಬದಲಾಗಿಬಿಡುತ್ತದೆ ಎಂಬುದು ದೊಡ್ಡವರಿಗೂ ಅನ್ವಯಿಸುವ ಮಾತು.

ಮೊದಲು ಸುಣ್ಣದ ಬಗ್ಗೆ ಒಂದು ಎಚ್ಚರಿಕೆ

ಅಡುಗೆಮನೆಯ ವಸ್ತುಗಳೆಲ್ಲ ನಿರಪಾಯಕಾರಿ ಎಂಬ ಭಾವನೆ ತಪ್ಪು. ವೀಳ್ಯದೆಲೆಗೆ ಹಚ್ಚುವ ಸುಣ್ಣ ಬಹಳ ತೀಕ್ಷ್ಣವಾದ ಕ್ಷಾರ. ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳು ಹಿಸುಕಿದಾಗ ಸುಣ್ಣ ಕಣ್ಣಿಗೆ ಚಿಮ್ಮಿ ದೃಷ್ಟಿಗೇ ಹಾನಿಯಾದ ಪ್ರಕರಣಗಳನ್ನು ನಮ್ಮ ದೇಶದ ನೇತ್ರವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಆದ್ದರಿಂದ ಕೆಳಗಿನ ಪ್ರಯೋಗಗಳಲ್ಲಿ ಸುಣ್ಣದ ಬದಲು ಅಡುಗೆ ಸೋಡಾ ಅಥವಾ ಸಾಬೂನಿನ ನೀರನ್ನು ಬಳಸುವುದೇ ಸರಿ. ಆಕಸ್ಮಿಕವಾಗಿ ಸುಣ್ಣ ಕಣ್ಣಿಗೆ ಬಿದ್ದರೆ, ಕೂಡಲೇ ಧಾರಾಳವಾಗಿ ಶುದ್ಧ ನೀರನ್ನು ಬಹಳ ಹೊತ್ತು ಹಾಯಿಸುತ್ತ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೆರಡು ಮಾತುಗಳನ್ನೂ ಇಲ್ಲಿಯೇ ಹೇಳಬೇಕು. ಸೋಡಾ ಮತ್ತು ಹುಳಿಯನ್ನು ಬೆರೆಸಿದ ಬಾಟಲಿಗೆ ಎಂದಿಗೂ ಮುಚ್ಚಳ ಬಿಗಿಯಬಾರದು. ಶೌಚಾಲಯ ತೊಳೆಯುವ ದ್ರಾವಣ, ಬ್ಲೀಚ್ ಮುಂತಾದವು ಈ ಪ್ರಯೋಗಗಳ ಹತ್ತಿರಕ್ಕೂ ಬರಬಾರದು, ಏಕೆಂದರೆ ಬ್ಲೀಚ್ ಆಮ್ಲದೊಡನೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಅರಿಶಿನ ಮತ್ತು ಓಕುಳಿ

ಮದುವೆ, ನಾಮಕರಣಗಳಲ್ಲಿ ಆರತಿ ಎತ್ತಲು ತಟ್ಟೆಯಲ್ಲಿ ಮಾಡುವ ಕೆಂಪು ಓಕುಳಿ ನೀರಿನಲ್ಲಿ ಕೆಂಪು ಬಣ್ಣವನ್ನೇನೂ ಹಾಕಿರುವುದಿಲ್ಲ. ಹಳದಿ ಅರಿಶಿನ ಮತ್ತು ಬಿಳಿ ಸುಣ್ಣ ನೀರಿನಲ್ಲಿ ಸೇರಿದಾಗ ಕೆಂಪು ಹುಟ್ಟುತ್ತದೆ. ಸಾರಿನ ಕಲೆಯಾದ ಬಿಳಿ ಬಟ್ಟೆಗೆ ಸಾಬೂನು ಉಜ್ಜಿದಾಗ ಕಲೆ ಕೆಂಪಾಗಿ, ಚೆನ್ನಾಗಿ ಜಾಲಾಡಿದ ಮೇಲೆ ಮತ್ತೆ ಹಳದಿಗೆ ತಿರುಗುವುದೂ ಇದೇ ಕಾರಣದಿಂದ.

ಈ ಕಾರಣ ತಿಳಿಯಲು ಮೂರು ಪದಗಳು ಬೇಕು. ನಿಂಬೆ, ಹುಣಸೆ, ಮಜ್ಜಿಗೆಗಳಿಗೆ ಹುಳಿ ರುಚಿ ಕೊಡುವ ವಸ್ತುಗಳು ಆಮ್ಲಗಳು. ಅವುಗಳಿಗೆ ವಿರುದ್ಧ ಗುಣವುಳ್ಳ, ಮುಟ್ಟಿದರೆ ಸಾಬೂನಿನಂತೆ ಜಾರುವ ವಸ್ತುಗಳು ಪ್ರತ್ಯಾಮ್ಲಗಳು. ಇವುಗಳಲ್ಲಿ ನೀರಿನಲ್ಲಿ ಕರಗುವಂಥವನ್ನು ಕ್ಷಾರ ಎನ್ನುತ್ತಾರೆ. ಎದುರಿಗಿರುವುದು ಆಮ್ಲವೋ ಪ್ರತ್ಯಾಮ್ಲವೋ ಎಂಬುದನ್ನು ತನ್ನ ಬಣ್ಣ ಬದಲಿಸಿ ತಿಳಿಸುವ ವಸ್ತು ಸೂಚಕ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಎಂಬ ವಸ್ತು ಆಮ್ಲದಲ್ಲಿಯೂ ಬರಿ ನೀರಿನಲ್ಲಿಯೂ ಹಳದಿಯಾಗಿಯೇ ಉಳಿಯುತ್ತದೆ. ಪ್ರತ್ಯಾಮ್ಲ ಸಿಕ್ಕಿದಾಗ ಅದರ ಅಣುವಿನಿಂದ ಹೈಡ್ರೋಜನ್ನಿನ ಒಂದು ಭಾಗ ಕಳಚಿಕೊಳ್ಳುತ್ತದೆ. ಆಗ ಅಣು ಹೀರಿಕೊಳ್ಳುವ ಬೆಳಕು ಬೇರೆಯಾಗುವುದರಿಂದ ನಮ್ಮ ಕಣ್ಣಿಗೆ ಅದು ಕೆಂಪಾಗಿ ಕಾಣುತ್ತದೆ. ಆಮ್ಲ ಹಾಕಿದರೆ ಕಳಚಿದ ಭಾಗ ಮರಳಿ ಸೇರಿಕೊಂಡು ಹಳದಿ ಹಿಂದಿರುಗುತ್ತದೆ.

ಇದನ್ನು ಮಗು ಸ್ವತಃ ನೋಡಬೇಕಾದರೆ, ಒಂದು ಚಮಚ ಅರಿಶಿನವನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಬಿಳಿ ಕಾಗದಕ್ಕೆ ಬಳಿದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿನಲ್ಲಿ ಏಕೆ ಬೇಡ ಎಂಬುದೇ ಇನ್ನೊಂದು ಪ್ರಯೋಗ: ಕಾಗದದ ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ ಬಿಸಿಲಿಗಿಟ್ಟರೆ ತೆರೆದ ಅರ್ಧ ಮಸುಕಾಗುತ್ತದೆ, ಏಕೆಂದರೆ ಬೆಳಕು ಕರ್ಕ್ಯುಮಿನ್ ಅಣುಗಳನ್ನು ಒಡೆಯುತ್ತದೆ. ನೆರಳಿನಲ್ಲಿ ಒಣಗಿದ ಕಾಗದದ ಮೇಲೆ ಸಾಬೂನಿನ ನೀರು, ಸೋಡಾ ನೀರು, ಹಾಲು, ಉಪ್ಪುನೀರು, ಸಕ್ಕರೆ ನೀರು, ನಿಂಬೆರಸ ಇವುಗಳ ಒಂದೊಂದು ಹನಿ ಇಟ್ಟು, ಯಾವುದು ಕೆಂಪಾಗುತ್ತದೆಂದು ಮೊದಲೇ ಊಹಿಸಿ ಬರೆದು ನೋಡಬಹುದು. ಸೋಡಾ ದುರ್ಬಲ ಪ್ರತ್ಯಾಮ್ಲವಾದ್ದರಿಂದ ಅದರ ಹನಿ ಕಿತ್ತಳೆಗೆಂಪಿನಲ್ಲಿ ನಿಲ್ಲುತ್ತದೆ. ಬಟ್ಟೆ ಒಗೆಯುವ ಸಾಬೂನಿನದು ಇನ್ನೂ ಗಾಢವಾಗಿರುತ್ತದೆ.

ಅರಿಶಿನಕ್ಕೆ ಒಂದು ಕೊರತೆಯಿದೆ. ಆಮ್ಲವನ್ನೂ ಬರಿ ನೀರನ್ನೂ ಅದು ಬೇರೆ ಬೇರೆಯಾಗಿ ತೋರಿಸಲಾರದು. ಆ ಕೆಲಸಕ್ಕೆ ಬೇಲಿಯ ಮೇಲೆ ಹಬ್ಬುವ ನೀಲಿ ಶಂಖಪುಷ್ಪ ಬಹಳ ಒಳ್ಳೆಯದು. ಹತ್ತು ಹದಿನೈದು ಹೂಗಳನ್ನು ಅರ್ಧ ಲೋಟ ಬಿಸಿನೀರಿನಲ್ಲಿ ನೆನೆಸಿದರೆ ಸಿಗುವ ನೀಲಿ ನೀರು ಆಮ್ಲದಲ್ಲಿ ನೇರಳೆ, ಗುಲಾಬಿಗಳ ಕಡೆಗೂ ಪ್ರತ್ಯಾಮ್ಲದಲ್ಲಿ ಹಸಿರಿನ ಕಡೆಗೂ ತಿರುಗುತ್ತದೆ. ಕೆಂಪು ದಾಸವಾಳದ ನೀರೂ ಹೀಗೆಯೇ ವರ್ತಿಸುತ್ತದೆ. ಈ ಹೂಗಳ ಬಣ್ಣಕ್ಕೆ ಆಂಥೋಸಯನಿನ್ ಎಂಬ ವರ್ಗದ ವಸ್ತುಗಳು ಕಾರಣ. ಹೂವಿನ ಬಣ್ಣವನ್ನು ಹೀಗೆ ಪರೀಕ್ಷೆಗೆ ಬಳಸುವ ಕ್ರಮವನ್ನು ರಾಬರ್ಟ್ ಬಾಯ್ಲ್ 1664ರಷ್ಟು ಹಿಂದೆಯೇ ವಿವರಿಸಿದ್ದರು. ಅವರು ಬಳಸಿದ್ದು ವಯೊಲೆಟ್ ಹೂವಿನ ಪಾಕ.

ಹುಳಿಯನ್ನು ಅಳೆಯುವುದು

ಬಣ್ಣ ಬದಲಾಯಿತೆಂದು ಸಂತೋಷಪಟ್ಟು ಇಲ್ಲಿಗೇ ನಿಲ್ಲಿಸುವ ಮನೆಗಳೇ ಹೆಚ್ಚು. ಇನ್ನೊಂದು ಹೆಜ್ಜೆ ಮುಂದಿಟ್ಟರೆ, ಕಾಲೇಜಿನ ಪ್ರಯೋಗಾಲಯದಲ್ಲಿ ಟೈಟ್ರೇಷನ್ ಎಂದು ಕರೆಯುವ ವಿಧಾನವನ್ನೇ ಹತ್ತು ವರ್ಷದ ಮಗು ಊಟದ ಮೇಜಿನ ಮೇಲೆ ಮಾಡಬಹುದು. ಇಡೀ ಲೇಖನದಿಂದ ಒಂದೇ ಪ್ರಯೋಗವನ್ನು ಆರಿಸಿಕೊಳ್ಳಬೇಕೆಂದರೆ ಇದನ್ನೇ ಆರಿಸಿಕೊಳ್ಳಿ ಎಂದು ಹೇಳುತ್ತೇನೆ.

ಅರ್ಧ ಲೋಟ, ಅಂದರೆ ಸುಮಾರು 100 ಮಿ.ಲೀ. ನೀರಿನಲ್ಲಿ ಒಂದು ಮಟ್ಟಸ ಟೀ ಚಮಚ ಅಡುಗೆ ಸೋಡಾವನ್ನು ಪೂರ್ತಿ ಕರಗಿಸಿಡಬೇಕು. ಇನ್ನೊಂದು ಸಣ್ಣ ಗಾಜಿನ ಲೋಟದಲ್ಲಿ 20 ಹನಿ ಸೋಸಿದ ನಿಂಬೆರಸ ಹಾಕಿ, ಅದಕ್ಕೆ ಶಂಖಪುಷ್ಪದ ನೀರನ್ನು ಬಣ್ಣ ಚೆನ್ನಾಗಿ ಕಾಣುವಷ್ಟು ಬೆರೆಸಬೇಕು. ಈಗ ಸೋಡಾ ನೀರನ್ನು ಡ್ರಾಪರಿನಿಂದ ಒಂದೊಂದೇ ಹನಿ ಹಾಕುತ್ತ, ಪ್ರತಿ ಹನಿಯ ನಂತರ ಲೋಟವನ್ನು ಅಲುಗಾಡಿಸುತ್ತ, ಹನಿಗಳನ್ನು ಎಣಿಸಬೇಕು. ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ. ಗುಲಾಬಿ ಮೆಲ್ಲನೆ ನೇರಳೆಯಾಗಿ, ಕೊನೆಗೆ ನೀಲಿಗೆ ಬಂದು ನಿಂತಾಗ ಎಣಿಕೆ ನಿಲ್ಲಿಸಬೇಕು. ನಿಂಬೆಯಲ್ಲಿದ್ದ ಆಮ್ಲವನ್ನು ಸೋಡಾ ಬಹುಮಟ್ಟಿಗೆ ಮುಗಿಸಿದೆ ಎಂದು ಇದರ ಅರ್ಥ. ಆಮ್ಲ ಮತ್ತು ಪ್ರತ್ಯಾಮ್ಲ ಹೀಗೆ ಒಂದರ ಗುಣವನ್ನು ಇನ್ನೊಂದು ಕಳೆಯುವುದನ್ನು ತಟಸ್ಥೀಕರಣ ಎನ್ನುತ್ತಾರೆ. ಅದೇ 20 ಹನಿ ವಿನಿಗರ್‌ಗೆ ಎಷ್ಟು ಹನಿ ಸೋಡಾ ನೀರು ಬೇಕು, ತುರಿದು ಹಿಂಡಿದ ಮಾವಿನಕಾಯಿಯ ರಸಕ್ಕೆ ಎಷ್ಟು ಬೇಕು ಎಂದು ನೋಡಿದರೆ, ನಾಲಿಗೆ ಹೇಳುವ ಹುಳಿಗೆ ಈಗ ಒಂದು ಸಂಖ್ಯೆ ಸಿಗುತ್ತದೆ.

ಇಲ್ಲಿ ಮಕ್ಕಳನ್ನು ಕೇಳಬೇಕಾದ ಒಂದು ಸೊಗಸಾದ ಪ್ರಶ್ನೆಯಿದೆ. 20 ಹನಿ ನಿಂಬೆರಸಕ್ಕೆ ಒಂದು ದೊಡ್ಡ ಚಮಚ ನೀರು ಸೇರಿಸಿದರೆ ಹುಳಿ ಕಡಿಮೆಯಾಗುತ್ತದೆ. ಹಾಗಾದರೆ ಸೋಡಾ ನೀರೂ ಕಡಿಮೆ ಸಾಕೇ? ಹೆಚ್ಚಿನ ಮಕ್ಕಳು ಹೌದೆನ್ನುತ್ತಾರೆ. ಮಾಡಿ ನೋಡಿದರೆ ಹೆಚ್ಚುಕಡಿಮೆ ಮೊದಲಿನಷ್ಟೇ ಹನಿಗಳು ಬೇಕಾಗುತ್ತವೆ. ನೀರು ಸೇರಿದಾಗ ಆಮ್ಲ ಹೆಚ್ಚು ಜಾಗಕ್ಕೆ ಹರಡಿಕೊಂಡಿತೇ ಹೊರತು ಅದರ ಒಟ್ಟು ಪ್ರಮಾಣ ಬದಲಾಗಲಿಲ್ಲ. ತೀವ್ರತೆ ಬೇರೆ, ಪ್ರಮಾಣ ಬೇರೆ ಎಂಬ ಈ ಭೇದ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಕಷ್ಟವಾಗುವ ವಿಷಯ. ಕೈಯಲ್ಲಿ ಹನಿ ಎಣಿಸಿದವರಿಗೆ ಅದು ಮರೆಯುವುದಿಲ್ಲ.

ತೀವ್ರತೆಯನ್ನು ಹೇಳಲು ವಿಜ್ಞಾನಿಗಳು ಬಳಸುವ ಅಳತೆಗೆ ಪಿಎಚ್ ಎಂದು ಹೆಸರು. ಡೆನ್ಮಾರ್ಕಿನ ರಸಾಯನವಿಜ್ಞಾನಿ ಸೋರೆನ್ಸೆನ್ 1909ರಲ್ಲಿ, ಬಿಯರ್ ತಯಾರಿಕೆಗೆ ಸಂಬಂಧಿಸಿದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದಾಗ ಇದನ್ನು ರೂಪಿಸಿದರು. ಶುದ್ಧ ನೀರಿನದು 7. ಅದಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಪ್ರತ್ಯಾಮ್ಲ. ನಿಂಬೆರಸ ಸುಮಾರು 2ರಿಂದ 2.5, ಹಾಲು ಸುಮಾರು 6.6, ಸೋಡಾ ನೀರು 8ಕ್ಕಿಂತ ಸ್ವಲ್ಪ ಮೇಲೆ, ಸುಣ್ಣದ ತಿಳಿನೀರು 12ಕ್ಕೂ ಮೇಲೆ ಇರುತ್ತವೆ. ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸ ಎಂಬುದನ್ನು ನೆನಪಿಟ್ಟರೆ, ಸೋಡಾದ ಜಾಗದಲ್ಲಿ ಸುಣ್ಣವನ್ನು ಮಕ್ಕಳ ಕೈಗೆ ಏಕೆ ಕೊಡಬಾರದೆಂಬುದು ಸಂಖ್ಯೆಯಲ್ಲಿಯೇ ಕಾಣುತ್ತದೆ.

ನೊರೆಯೊಳಗೆ ಇರುವುದೇನು

ಅಡುಗೆ ಸೋಡಾದ ರಾಸಾಯನಿಕ ಹೆಸರು ಸೋಡಿಯಂ ಬೈಕಾರ್ಬೊನೇಟ್. ಆಮ್ಲ ತಗುಲಿದಾಗ ಅದು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಟ್ಟುಕೊಡುತ್ತದೆ. ಸಾಕಷ್ಟು ಆಮ್ಲ ಸಿಕ್ಕರೆ ಸುಮಾರು 5 ಗ್ರಾಂ ಸೋಡಾದಿಂದ 1 ಲೀಟರಿಗಿಂತ ಹೆಚ್ಚು ಅನಿಲ ಹುಟ್ಟುತ್ತದೆ. ಮುಚ್ಚಳ ಬಿಗಿದ ಬಾಟಲಿ ಸಿಡಿಯುವುದು ಇದರಿಂದಲೇ. ನಮ್ಮ ಸಣ್ಣ ನಿಂಬೆಹಣ್ಣೊಂದರ ರಸ ಒಂದು ಟೀ ಚಮಚ ಸೋಡಾವನ್ನು ಪೂರ್ತಿ ಮುಗಿಸಲಾರದು ಎಂಬುದನ್ನು, ಮೊದಲ ನೊರೆ ಇಳಿದ ಮೇಲೆ ಇನ್ನೊಂದು ಹಣ್ಣು ಹಿಂಡಿ ನೋಡಿದರೆ ತಿಳಿಯಬಹುದು.

ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಎತ್ತರದ ಪಾತ್ರೆಯ ತಳದಲ್ಲಿ ಸೋಡಾ, ವಿನಿಗರ್ ಬೆರೆಸಿ ನೊರೆ ಇಳಿಯಲು ಬಿಟ್ಟು, ದೊಡ್ಡವರೊಬ್ಬರು ಪಾತ್ರೆಯನ್ನು ಉರಿಯುವ ಹಣತೆಯ ಮೇಲೆ ದ್ರವ ಬೀಳದಂತೆ ಬಗ್ಗಿಸಿದರೆ, ಏನೂ ಸುರಿದಂತೆ ಕಾಣದಿದ್ದರೂ ದೀಪ ನಂದುತ್ತದೆ. ಅನಿಲ ಕೆಳಗಿಳಿದು ಜ್ವಾಲೆಯ ಸುತ್ತಲಿನ ಗಾಳಿಯನ್ನು ಸರಿಸುವುದರಿಂದ ಉರಿಯಲು ಬೇಕಾದ ಆಮ್ಲಜನಕ ಸಿಗುವುದಿಲ್ಲ.

ಹಾಲು ಒಡೆಯುವುದು, ಹೆಪ್ಪಾಗುವುದು

ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಬಹಳ ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತದೆ. ಈ ಕಣಗಳ ಮೇಲೆ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಅವು ಪರಸ್ಪರ ದೂರ ತಳ್ಳಿಕೊಳ್ಳುತ್ತವೆ, ಹಾಗಾಗಿ ಹಾಲು ತೆಳ್ಳಗೆ ಉಳಿಯುತ್ತದೆ. ಆಮ್ಲ ಸೇರಿ ಪಿಎಚ್ ಸುಮಾರು 4.6ಕ್ಕೆ ಇಳಿದಾಗ ಆ ವಿದ್ಯುದಂಶ ಇಲ್ಲವಾಗಿ, ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಸಿ ಹಾಲಿಗೆ ನಿಂಬೆ ಹಿಂಡಿದಾಗ ಇದು ಕ್ಷಣದಲ್ಲಿ ಆಗುವುದರಿಂದ ಹಾಲು ಒಡೆದು ಗಡ್ಡೆ ಮತ್ತು ನೀರು ಬೇರೆಯಾಗುತ್ತವೆ. ಹೆಪ್ಪು ಹಾಕಿದಾಗಲೂ ಆಗುವುದು ಇದೇ, ಆದರೆ ನಿಧಾನವಾಗಿ: ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ನಿಧಾನವಾಗಿ ಅಂಟಿಕೊಂಡ ಕಣಗಳು ನೀರನ್ನು ಒಳಗೇ ಹಿಡಿದಿಟ್ಟುಕೊಂಡು ಬಲೆ ಕಟ್ಟುವುದರಿಂದ ಗಟ್ಟಿ ಮೊಸರಾಗುತ್ತದೆ.

ಒಂದನ್ನೇ ಬದಲಿಸುವ ನಿಯಮವನ್ನು ಕಲಿಸಲು ಮೊಸರಿಗಿಂತ ಒಳ್ಳೆಯ ವಸ್ತು ಅಡುಗೆಮನೆಯಲ್ಲಿಲ್ಲ. ಕಾಯಿಸಿದ ಹಾಲನ್ನು ನಾಲ್ಕು ಲೋಟಗಳಿಗೆ ಸಮನಾಗಿ ಹಾಕಿ, ಒಂದಕ್ಕೆ ಉಗುರುಬೆಚ್ಚಗಿರುವಾಗ, ಒಂದಕ್ಕೆ ಬಿಸಿ ಹಬೆಯಾಡುತ್ತಿರುವಾಗ, ಮತ್ತೊಂದಕ್ಕೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ ಮೇಲೆ ಒಂದೊಂದು ಟೀ ಚಮಚ ಹೆಪ್ಪು ಹಾಕಬೇಕು. ತಣ್ಣನೆಯ ಲೋಟವನ್ನು ಮತ್ತೆ ಫ್ರಿಜ್ಜಿನಲ್ಲಿಯೇ ಇಡಬೇಕು. ನಾಲ್ಕನೆಯದು ಹೋಲಿಕೆಯ ಲೋಟ. ಅದಕ್ಕೆ ಹೆಪ್ಪು ಬೇಡ. ಮರುದಿನ ಬೆಳಿಗ್ಗೆ ಉಗುರುಬೆಚ್ಚಗಿನ ಹಾಲು ಮೊಸರಾಗಿರುತ್ತದೆ. ತುಂಬ ಬಿಸಿಯಾದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಸತ್ತಿರುತ್ತವೆ. ತಣ್ಣನೆಯದರಲ್ಲಿ ಬದುಕಿದ್ದರೂ ಕೆಲಸ ಮಾಡಿರುವುದಿಲ್ಲ. ಇವೆರಡೂ ಮೊಸರಾಗದೆ ಒಂದೇ ರೀತಿ ಕಂಡರೂ ಕಾರಣಗಳು ಬೇರೆ. ಅದನ್ನು ಖಚಿತಪಡಿಸಿಕೊಳ್ಳಲು ಎರಡನ್ನೂ ಉಗುರುಬೆಚ್ಚಗೆ ಮಾಡಿ ಇನ್ನೊಂದು ದಿನ ಕಾಯಬೇಕು: ಫ್ರಿಜ್ಜಿನ ಲೋಟ ಹೆಪ್ಪಾಗುವ ಸಾಧ್ಯತೆ ಹೆಚ್ಚು. ಹೊರಗಿಟ್ಟ ಹೆಪ್ಪಿಲ್ಲದ ಲೋಟದ ಹಾಲನ್ನು, ಹಾಗೆಯೇ ಎರಡನೆಯ ದಿನದ ಲೋಟಗಳನ್ನು ಯಾರೂ ಕುಡಿಯಬಾರದು, ಚೆಲ್ಲಬೇಕು.

ತೇಲುವ ಆಲೂಗಡ್ಡೆ ಮತ್ತು ಬಿತ್ತನೆ ಬೀಜ

ಆಲೂಗಡ್ಡೆಯ ಸಣ್ಣ ತುಂಡು ನೀರಿನಲ್ಲಿ ಮುಳುಗುತ್ತದೆ. 200 ಮಿ.ಲೀ. ನೀರಿಗೆ ಒಂದೊಂದೇ ಟೀ ಚಮಚ ಉಪ್ಪು ಹಾಕಿ ಕರಗಿಸುತ್ತ ಹೋದರೆ, ಸಾಮಾನ್ಯವಾಗಿ ನಾಲ್ಕೈದು ಚಮಚದ ಹೊತ್ತಿಗೆ ಅದು ಮೇಲೇಳುತ್ತದೆ. ಒಂದೇ ಗಾತ್ರದ ಎರಡು ಬಸ್ಸುಗಳಲ್ಲಿ ಒಂದಕ್ಕೆ ಇಪ್ಪತ್ತು ಜನ, ಇನ್ನೊಂದಕ್ಕೆ ಅರವತ್ತು ಜನ ಹತ್ತಿದರೆ ಎರಡನೆಯದು ಹೆಚ್ಚು ಭಾರವಾಗುವ ಹಾಗೆ, ಒಂದೇ ಜಾಗದಲ್ಲಿ ಎಷ್ಟು ದ್ರವ್ಯ ತುಂಬಿದೆ ಎಂಬುದನ್ನು ಸಾಂದ್ರತೆ ಹೇಳುತ್ತದೆ. ಉಪ್ಪು ಕರಗಿದಂತೆ ನೀರಿನ ಸಾಂದ್ರತೆ ಹೆಚ್ಚಿ ಆಲೂಗಡ್ಡೆಯದನ್ನು ಮೀರಿದಾಗ ತುಂಡು ತೇಲುತ್ತದೆ. ಸಮುದ್ರದ ನೀರಿನಲ್ಲಿ ಉಪ್ಪಿನಂಶ ಸುಮಾರು ಶೇಕಡ 3.5 ಮಾತ್ರ ಇರುವುದರಿಂದ ಮಲ್ಪೆಯಲ್ಲಾಗಲಿ ಕಾರವಾರದಲ್ಲಾಗಲಿ ಇದೇ ತುಂಡು ಮುಳುಗುತ್ತದೆ. ಮನೆಯಲ್ಲಿ ಮೊಟ್ಟೆ ಬಳಸುವವರು ತಾಜಾ ಮೊಟ್ಟೆಯಿಂದಲೂ ಇದನ್ನು ಮಾಡಬಹುದು.

ಇದು ಮಕ್ಕಳ ಆಟಕ್ಕಷ್ಟೇ ಸೀಮಿತವಲ್ಲ. ಬಿತ್ತನೆಗೆ ಭತ್ತದ ಬೀಜ ಆರಿಸುವಾಗ ರೈತರು ಆಲೂಗಡ್ಡೆ ಅಥವಾ ಮೊಟ್ಟೆ ತೇಲುವವರೆಗೆ ನೀರಿಗೆ ಉಪ್ಪು ಸೇರಿಸಿ, ಆ ನೀರಿಗೆ ಬೀಜ ಸುರಿಯುವ ಪದ್ಧತಿಯಿದೆ. ಜೊಳ್ಳು ಮತ್ತು ಅರೆತುಂಬಿದ ಕಾಳುಗಳು ತೇಲುತ್ತವೆ, ಗಟ್ಟಿ ಕಾಳುಗಳು ತಳ ಸೇರುತ್ತವೆ. ಆಮೇಲೆ ಉಪ್ಪಿನಂಶ ಹೋಗುವಂತೆ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯುತ್ತಾರೆ.

ಓಡಿಹೋಗುವ ಮೆಣಸಿನ ಪುಡಿ

ಅಗಲವಾದ ತಟ್ಟೆಯ ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಪಾತ್ರೆ ತೊಳೆಯುವ ದ್ರವ ಸವರಿದ ಬೆರಳನ್ನು ನಡುವೆ ಇಟ್ಟರೆ ಪುಡಿ ಅಂಚಿಗೆ ಓಡುತ್ತದೆ. ನೀರಿನ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ಮೇಲ್ಮೈ ಬಿಗಿಯಾಗಿರುತ್ತದೆ. ಇದೇ ಮೇಲ್ಮೈ ಕರ್ಷಣ. ಸಾಬೂನು ತಗುಲಿದ ಕಡೆ ಬಿಗಿ ಸಡಿಲವಾಗುವುದರಿಂದ, ಸುತ್ತಲಿನ ಬಿಗಿಯಾದ ನೀರು ಮೇಲ್ಮೈಯನ್ನು ಅಂಚಿನ ಕಡೆಗೆ ಎಳೆದುಕೊಳ್ಳುತ್ತದೆ, ಪುಡಿಯೂ ಜೊತೆಗೆ ಹೋಗುತ್ತದೆ. ಅದೇ ನೀರಿನಲ್ಲಿ ಎರಡನೆಯ ಬಾರಿ ಇದು ಆಗುವುದಿಲ್ಲ. ಏಕೆ ಎಂದು ಮಗುವನ್ನೇ ಕೇಳಬೇಕು.

ಉಪ್ಪು ಮತ್ತು ಮಾವಿನ ಮಿಡಿ

ಮಲೆನಾಡಿನ ಮನೆಗಳಲ್ಲಿ ಉಪ್ಪಿನಕಾಯಿಗೆ ಮಾವಿನ ಮಿಡಿಯನ್ನು ಉಪ್ಪಿನೊಡನೆ ಭರಣಿಗೆ ತುಂಬಿಡುತ್ತಾರೆ. ಒಂದು ತೊಟ್ಟು ನೀರು ಹಾಕದಿದ್ದರೂ ಕೆಲವು ದಿನಗಳಲ್ಲಿ ಭರಣಿಯಲ್ಲಿ ನೀರು ಬಿಟ್ಟುಕೊಂಡು, ಮಿಡಿ ಸುಕ್ಕುಗಟ್ಟಿರುತ್ತದೆ. ಜೀವಕೋಶದ ಸುತ್ತಲಿನ ತೆಳುಪೊರೆ ನೀರನ್ನು ಸುಲಭವಾಗಿ ಹಾಯಗೊಡುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅಂಥ ಪೊರೆಯ ಎರಡು ಬದಿಗಳಲ್ಲಿ ಕರಗಿದ ವಸ್ತುವಿನ ಪ್ರಮಾಣ ಬೇರೆ ಬೇರೆಯಾಗಿದ್ದರೆ, ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ನೀರು ಸಾಗುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು.

ಭರಣಿಗಾಗಿ ಕಾಯಬೇಕಿಲ್ಲ. ಸಮಾನ ತೂಕದ ಸೌತೆಕಾಯಿ ಹೋಳುಗಳನ್ನು ಎರಡು ಬಟ್ಟಲುಗಳಲ್ಲಿ ಹಾಕಿ, ಒಂದಕ್ಕೆ ಮಾತ್ರ ಒಂದು ಟೀ ಚಮಚ ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟರೆ, ಬಿಟ್ಟುಕೊಂಡ ನೀರನ್ನು ಔಷಧಿಯ ಮುಚ್ಚಳದಲ್ಲಿ ಅಳೆಯಬಹುದು. ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕುವುದು ಈ ಕಾರಣಕ್ಕೆ. ಉಪ್ಪಿನ ಬದಲು ಸಕ್ಕರೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಮೂರನೆಯ ಬಟ್ಟಲಿನಲ್ಲಿ ನೋಡಬಹುದು. ಒಣದ್ರಾಕ್ಷಿಯನ್ನು ಬರಿ ನೀರಿನಲ್ಲಿ ನೆನೆಸಿದಾಗ ಅದು ಉಬ್ಬುವುದು ಇದೇ ಕ್ರಿಯೆ ತಿರುಗಿ ನಡೆದಾಗ: ಅಲ್ಲಿ ಸಕ್ಕರೆ ಹಣ್ಣಿನ ಒಳಗಿರುವುದರಿಂದ ನೀರು ಒಳಕ್ಕೆ ಹೋಗುತ್ತದೆ. ಉಪ್ಪಿನಕಾಯಿ ಬೇಗ ಕೆಡದಿರುವುದಕ್ಕೂ ಕಾರಣ ಇಲ್ಲಿದೆ. ಕೊಳೆಸುವ ಬ್ಯಾಕ್ಟೀರಿಯಾಗಳೂ ಪೊರೆಯುಳ್ಳ ಜೀವಕೋಶಗಳೇ ಆದ್ದರಿಂದ, ದಟ್ಟ ಉಪ್ಪುನೀರಿನಲ್ಲಿ ಅವುಗಳೊಳಗಿನ ನೀರೂ ಹೊರಬಂದು ಬೆಳವಣಿಗೆ ನಿಲ್ಲುತ್ತದೆ. ಭರಣಿಗೆ ಒದ್ದೆ ಸೌಟು ಹಾಕಿದಾಗ ಉಪ್ಪು ತೆಳುವಾದ ಜಾಗದಲ್ಲಿ ಮೊದಲು ಬೂಷ್ಟು ಕಾಣಿಸಿಕೊಳ್ಳುತ್ತದೆ.